ಕಾಂತಾಳ ಸೌಟು

ಮಗ ಓಂಕಾರನನ್ನು ಮಣ್ಣು ಮಾಡಿ ಬಂದ ಮರುದಿನ ಅನಗೋಳದ ಅವನ ಕಾರ್ಖಾನೆಯ ಬಾಗಿಲು ತೆಗೆದೆವು. ಅವನ ನೀರಚಕ್ರ ಇರಲಿಲ್ಲ. ಅದರ ಬಟ್ಟಲುಗಳನ್ನು ಎರೆಯುವ ಅಚ್ಚುಗಳೂ ಇರಲಿಲ್ಲ. ಬೀಗ ಮಾತ್ರ ಸರಿಯಾಗಿತ್ತು. ಗೋಡೆಯ ಮೊಳೆಗೆ ಒಂದು ಹಳೆಯ ಸೌಟು ನೇತಾಡುತ್ತಿತ್ತು.

ಖಾನಾಪುರದ ಕಾಡುಹಳ್ಳಿಗಳಿಗೆ ಕರೆಂಟಿಲ್ಲದೆ, ಹಳ್ಳದ ಹರಿವಿನಿಂದಲೇ ನೀರೆತ್ತುವ ಚಕ್ರ ಅದು. ಅವನು ನಕ್ಷೆ ಬರೆಯುವವನಲ್ಲ, ಕೈಯಲ್ಲೇ ಯೋಚಿಸುವವನು. ಚಕ್ರ ಹೋದರೆ ಅವನ ಹೆಸರೂ ಹೋದಂತೆ.

ಗೆಳೆಯ ಬಂಡೆಪ್ಪನಿಗೆ ಹೇಳಿಕಳಿಸಿದೆ. ಪೊಲೀಸ್ ಕೆಲಸದಿಂದ ನಿವೃತ್ತನಾದವನು. ಕೀಲಿ ಇದ್ದದ್ದು ಇಬ್ಬರ ಬಳಿ — ಪಾಲುದಾರ ಕಲ್ಮೇಶ, ಶಿಷ್ಯ ಅಮರ. ಊರೆಲ್ಲ ಅಮರನ ಮೇಲೆಯೇ ಬೆರಳು ತೋರಿಸಿತು.

“ಓಂಕಾರನ ಜೋಡಿ ಜಗಳಾಡಿದ್ದಿ ಅಂತಲ್ಲೋ?” ಬಂಡೆಪ್ಪ ಅಮರನನ್ನು ಕೇಳಿದ.

“ಬಣ್ಣದ ಸಲುವಾಗ್ರಿ. ಅವರು ಹಸಿರು ಅಂದ್ರು, ನಾ ನೀಲಿ ಅಂದೆ.” ಹುಡುಗನ ಕಣ್ಣುಗಳು ಬಾತಿದ್ದವು.

ಸೊಸೆ ಕಾಂತಾಳನ್ನೂ ಕೇಳಿದ. “ಮನ್ಯಾಗ ಏನರ ಕಳದೈತೇನವಾ?”

“ನನ್ನ ಗಂಜಿ ಸೌಟು, ಹ್ವಾದ ವರ್ಷ. ಇವರನ್ನ ಕೇಳಿದ್ರ ನಕ್ಕಿದ್ರು. ಅದನ್ನೂ ಬರಕೋತೀರೇನ್ರಿ?”

ಬಂಡೆಪ್ಪ ಬರೆದುಕೊಳ್ಳಲಿಲ್ಲ. ನಾನು ದಣಿದಿದ್ದೆ, ಆ ಮಾತು ಮರೆತೆ.

ಮಳೆಗಾಲ ಕಳೆಯಿತು. ಖಾನಾಪುರದ ಹಳ್ಳದಲ್ಲಿ ಕಲ್ಮೇಶ ಹೊಸ ಚಕ್ರ ತೋರಿಸುತ್ತಾನೆಂದು ಸುದ್ದಿ ಬಂತು. ಕಾಂತಾ, ಅಮರನನ್ನೂ ಕರೆದುಕೊಂಡು ನಾವು ಹೋದೆವು.

“ಓಂಕಾರಂದು ಕಳುವಾತು, ಪಾಪ,” ಎಂದ ಕಲ್ಮೇಶ. “ಇದು ಬ್ಯಾರೆ. ಕಂಪ್ಯೂಟರದಾಗ ಲೆಕ್ಕಾ ಹಾಕಿ ನಾನ ಮಾಡೀನಿ.”

ಬಂಡೆಪ್ಪ ಕುಕ್ಕರುಗಾಲಲ್ಲಿ ಕೂತು ಚಕ್ರದ ಬಟ್ಟಲುಗಳ ಮೇಲೆ ಬೆರಳಾಡಿಸಿದ.

“ಎಲ್ಲಾದರದೂ ಬಲಬಾಜು ಅಂಚು ಸವದಂಗೈತಿ. ಯಾಕಪಾ?”

“ನೀರಿನ ಒತ್ತಡಕ್ರಿ. ಲೆಕ್ಕದಾಗ ಹಂಗ ಬಂತು.”

“ಖರೇ?”

“ಖರೇನರಿ!”

ಬಂಡೆಪ್ಪ ಚೀಲದಿಂದ ಕಾರ್ಖಾನೆಯ ಮೊಳೆಯಲ್ಲಿದ್ದ ಆ ಸೌಟನ್ನು ತೆಗೆದು ಒಂದು ಬಟ್ಟಲಿನೊಳಗೆ ಇಟ್ಟ. ಸವೆದ ಅಂಚಿಗೆ ಸವೆದ ಅಂಚು ಕೂಡಿ, ಒಪ್ಪವಾಗಿ ಕೂತಿತು.

“ಕಾಂತವ್ವ ಎಡಗೈಲೆ ಗಂಜಿ ತಿರುವ್ತಾಳ. ಅತ್ತಿ ಎಷ್ಟು ಬೈದ್ರೂ ಬಿಡಲಿಲ್ಲ. ಪಾತ್ರಿ ತಳಾ ತಿಕ್ಕಿ ತಿಕ್ಕಿ ಸೌಟಿನ ಬಲಬಾಜು ಸವೀತು. ಆ ಅಂಚಿನ್ಯಾಗ ಗಂಜಿ ಅಂಟೂದಿಲ್ಲ, ಹಂಗಾರ ಹಳ್ಳದ ರಾಡಿನೂ ನಿಲ್ಲೂದಿಲ್ಲ — ಓಂಕಾರನ ತಲೀಗೆ ಇದು ಹೊಳೀತು. ಅಚ್ಚು ಒಯ್ದವ ಇದನ್ನ ಕಸಾ ಅಂತ ಬಿಟ್ಟ.” ತಲೆಯೆತ್ತಿದ. “ಕಲ್ಮೇಶಾ, ಈಕಿ ಎಡಚಿ ಅಂತ ನಿನ್ನ ಕಂಪ್ಯೂಟರಿಗೆ ಯಾರು ಹೇಳಿದ್ರು?”

ಕಲ್ಮೇಶ ತಲೆ ತಗ್ಗಿಸಿದ. “ಅಂವಾ ಹೋದಮ್ಯಾಲೆ... ಯಾರದಾದ್ರ ಏನು ಅನಿಸ್ತ್ರಿ.”

ಅಮರ ಅಳುತ್ತಲೇ ಚಕ್ರದ ಮೇಲೆ ಓಂಕಾರನ ಹೆಸರು ಬರೆದ. ಹಸಿರು ಬಣ್ಣದಲ್ಲಿ. ಕಾಂತಾ ಸೌಟನ್ನು ಸೆರಗಿನಲ್ಲಿ ಒರೆಸಿ ಎದೆಗೊತ್ತಿಕೊಂಡಳು.

ಶಿವನೇ, ಮಡದಿಯ ಸೌಟಿನಲ್ಲಿ ಹಳ್ಳದ ನೀರು ಕಂಡ ಕಣ್ಣುಗಳು ಅವು. ಬಹಳ ದಣಿದಿದ್ದವು. ನಿನ್ನ ಪಾದದ ನೆರಳಿನಲ್ಲಿ ಅವಕ್ಕೆ ಶಾಂತಿ ಕೊಡು.