ಕ್ಷೀರಗಂಗಾ ಪುಡಿಯ ಮೂರನೆಯ ಪರೀಕ್ಷೆ

ಟೇಕಲ್ಲಿನ ಗಂಗುಲಪ್ಪನನ್ನು ಊರವರು ಬೂದಿ ಗಂಗುಲಪ್ಪ ಎಂದು ಕರೆಯತೊಡಗಿದ್ದು ಎಂಬತ್ಮೂರರಲ್ಲಿ. ಹಸುವಿನ ಹಾಲು ಹೆಚ್ಚಿಸಲೆಂದು ಅವನೇ ಕುಟ್ಟಿ, ಜರಡಿ ಹಿಡಿದು ಮಾಡಿದ ಕ್ಷೀರಗಂಗಾ ಪುಡಿ ಎರಡು ಪರೀಕ್ಷೆಗಳಲ್ಲಿ ಸೋತಿತ್ತು. ಮಾಲೂರಿನ ಕಡೆ ಸೊನ್ನೆ, ಮುಳಬಾಗಿಲಿನ ಕಡೆ ಸೊನ್ನೆಗಿಂತ ಒಂದು ಕೂದಲು ಮೇಲೆ. ಹೋಟೆಲಿಗೆ ಹೋದರೆ, "ಏನ್ಲಾ ಗಂಗುಲಾ, ಪಾತ್ರೆ ತಿಕ್ಕಕ್ಕೆ ಒಂದ್ ಹಿಡಿ ಕೊಡು" ಅನ್ನುತ್ತಿದ್ದರು.

ಉಳಿದದ್ದು ಇನ್ನೊಂದೇ ಪರೀಕ್ಷೆ. ಪಶುವೈದ್ಯ ನರಸಿಂಹಪ್ಪನವರು ಮೂರನ್ನೂ ಸೇರಿಸಿ ಒಂದೇ ಅಂಕಿ ಮಾಡುವವರಿದ್ದರು. ಅದು ಚೆನ್ನಾಗಿ ಬಂದರೆ ಪುಡಿ ಡೇರಿಗಳಿಗೆಲ್ಲ, ಇಲ್ಲದಿದ್ದರೆ ತಿಪ್ಪೆಗೆ. ಲೆಕ್ಕದ ದಾರಿಯನ್ನು ಪಾಪ ಅವರೇ ಬಿಡಿಸಿ ಹೇಳಿದ್ದರು. ಪುಡಿ ತಿಂದ ಊರಿನಲ್ಲಿ ಮೊದಲಿಗಿಂತ ಆಮೇಲೆ ಹಾಲು ಎಷ್ಟು ಹೆಚ್ಚಿತು ನೋಡಬೇಕು. ತಿನ್ನದ ಊರಿನಲ್ಲೂ ನೋಡಬೇಕು, ಮಳೆ ಬಿದ್ದು ಹುಲ್ಲು ಚಿಗುರಿದರೆ ಅಲ್ಲೂ ಹೆಚ್ಚುತ್ತದಲ್ಲ. ಮೊದಲನೆಯದರಿಂದ ಎರಡನೆಯದನ್ನು ಕಳೆಯಬೇಕು. ಉಳಿದದ್ದನ್ನು, ಪುಡಿ ಹಾಕುವ ಮೊದಲು ಹಸುವಿಗೂ ಹಸುವಿಗೂ ಇದ್ದ ಹಾಲಿನ ಏರುಪೇರಿನಿಂದ ಭಾಗಿಸಬೇಕು. ಆಗ ಸೀಮೆ ಹಸುವಿನ ಊರು, ನಾಟಿ ಹಸುವಿನ ಊರು ಎಲ್ಲ ಒಂದೇ ತಕ್ಕಡಿಗೆ ಬರುತ್ತವೆ.

ಗಂಗುಲಪ್ಪನ ಕಿವಿಗೆ ಬಿದ್ದದ್ದು ಒಂದೇ ಮಾತು: ಕಳೆಯಬೇಕು. ಪುಡಿಯ ಊರಿನಲ್ಲಿ ಹಾಲು ಏರಿಸಲು ಹೋದರೆ ಸಿಕ್ಕಿಬೀಳುತ್ತಾನೆ, ಎಲ್ಲರ ಕಣ್ಣೂ ಅಲ್ಲೇ. ತಿನ್ನದ ಊರಿನ ಹಾಲು ಇಳಿದರೆ? ಅತ್ತ ಯಾರು ತಿರುಗಿ ನೋಡುತ್ತಾರೆ? ಮೊದಲಿಗಿಂತ ಇಳಿದುಬಿಟ್ಟರಂತೂ ಕಳೆಯುವುದೇ ಕೂಡುವುದಾಗುತ್ತದೆ.

ತಿನ್ನದ ಊರು ಸುಗಟೂರು. ನಾಗರ ಪಂಚಮಿಯ ಬೆಳಿಗ್ಗೆ ಅಲ್ಲಿನ ಹೆಂಗಸರು ಹಾಲನ್ನು ಹುತ್ತಕ್ಕೆ ಎರೆಯುತ್ತಾರೆ, ಡೇರಿಗೆ ಬರುವುದು ಅರೆಬರೆ. ಡಾಕ್ಟರು ಅಳೆಯುವುದು ಡೇರಿಯಲ್ಲೇ. ಅವರೊಬ್ಬರೇ, ಜೀಪೂ ಒಂದೇ, ಹಾಗಾಗಿ ದಿನಕ್ಕೊಂದು ಊರು. ಅವರು ಪಂಚಾಂಗ ನೋಡುವ ಪೈಕಿಯೂ ಅಲ್ಲ.

"ಮೊದ್ಲು ಪುಡಿ ಊರು, ಮಾರನೆ ದಿನ ಸುಗಟೂರು ಇಟ್ಕೊಳ್ಳಿ ಸಾರ್, ಓಡಾಡಕ್ಕೆ ಸಲೀಸು" ಎಂದು ಗಂಗುಲಪ್ಪ ವಿನಯದಿಂದ ಹೇಳಿ, ಸುಗಟೂರಿನ ಸರದಿ ಪಂಚಮಿಗೇ ಬೀಳುವಂತೆ ದಿನ ಗೊತ್ತುಮಾಡಿಸಿದ. ಗೊತ್ತಾದ ದಿನ ಬದಲಾಗಬಾರದು, ಡೇರಿಗೆ ಬಂದ ಹಾಲೇ ಲೆಕ್ಕ ಎಂದೂ ಒಪ್ಪಿಸಿದ. ಕೊಲೆಯಲ್ಲ, ಕಳ್ಳತನವಲ್ಲ, ಒಂದು ಸರದಿ ಅಷ್ಟೆ. ಇದಕ್ಕೆ ಬೇಡಿ ಹಾಕುವ ಪೊಲೀಸು ಇನ್ನೂ ಹುಟ್ಟಿಲ್ಲ ಎಂದು ಒಳಗೊಳಗೇ ಹಿಗ್ಗಿದ.

ಪುಡಿಯ ಊರಾಗಿ ಶ್ರೀನಿವಾಸಪುರದ ಆಚೆಯ ಅತ್ತೆ ಮನೆಯ ಊರನ್ನೇ ಆರಿಸಿಕೊಂಡಿದ್ದ. ಅಳಿಯನ ಪುಡಿಯನ್ನು ಅಲ್ಲಿ ಯಾರೂ ತಿಪ್ಪೆಗೆ ಸುರಿಯುವುದಿಲ್ಲ. ದಿನ ಗೊತ್ತಾದಾಗ ಹೆಂಡತಿ ವೆಂಕಟರತ್ನಮ್ಮ, "ಅಲ್ಲಾ ಕಣ್ರಿ, ನಮ್ಮ ತೌರಲ್ಲಿ ಆವತ್ತು..." ಎಂದು ಶುರುಮಾಡಿದಳು. "ಹಬ್ಬದ ತಂಬಿಟ್ಟಿನ ವಿಷ್ಯ ಆಮೇಲೆ ಕಣೇ" ಎಂದು ಅವನು ಬಾಯಿ ಮುಚ್ಚಿಸಿದ.

ಪುಡಿಯ ಊರಿನ ಸರದಿಯ ಬೆಳಿಗ್ಗೆ ಡಾಕ್ಟರು ಅಳತೆ ಪಾತ್ರೆ ಹಿಡಿದು ಅಲ್ಲಿನ ಡೇರಿಯ ಬಾಗಿಲಲ್ಲಿ ನಿಂತರು. ಗಂಗುಲಪ್ಪ ಇಸ್ತ್ರಿಯ ಅಂಗಿ ತೊಟ್ಟು ಪಕ್ಕದಲ್ಲೇ ನಿಂತ. ಹೊತ್ತು ಏರಿತು, ಒಂದು ಚೊಂಬು ಹಾಲೂ ಬರಲಿಲ್ಲ. ಕೊನೆಗೆ ಬಂದವಳು ಅತ್ತೆ ಆಂಜಿನಮ್ಮ, ಕೆನ್ನೆಗೆ ಅರಿಶಿನ, ಕೈಯಲ್ಲಿ ಖಾಲಿ ಬಿಂದಿಗೆ.

"ನಿಮ್ಮ ಪುಡಿ ಭಲೇ ಕೆಲ್ಸ ಮಾಡೈತೆ ನಾಯನಾ, ಎಲ್ರ ಮನೇಲೂ ಎರಡರಷ್ಟು ಹಾಲು" ಎಂದಳು. "ಪುಡಿ ಗೆಲ್ಲಲಿ ಅಂತ ಊರಿಗೂರೇ ಒಂದ್ ತೊಟ್ಟೂ ಉಳಿಸ್ದಂಗೆ ಹುತ್ತಕ್ಕೆ ಎರೆದ್ಬಿಟ್ವಿ. ಹುತ್ತ ತುಂಬಿ ಹರೀತು."

ಗಂಗುಲಪ್ಪ ಖಾಲಿ ಬಿಂದಿಗೆಯೊಳಗೆ ಬಗ್ಗಿ ನೋಡಿದ. "ಪಂಚಮಿ ನಾಳೆ ಅಲ್ವಾ ಅತ್ತೆ?"

"ಅದು ಸುಗಟೂರ್ ಕಡೆಯೋರಿಗೆ. ನಮ್ಮೋರು ಎರೆಯೋದು ಹಿಂದಿನ ದಿನ, ಚೌತಿಗೇ. ರತ್ನಿ ಹೇಳ್ಲಿಲ್ವಾ?" ಎಂದಳು ಆಂಜಿನಮ್ಮ. ಡಾಕ್ಟರು ಖಾಲಿ ಪಾತ್ರೆಯನ್ನು ನೋಡಿದರು, ಆಮೇಲೆ ಸುಗಟೂರಿಗೆ ನಾಳೆಯ ದಿನವನ್ನೇ ಆರಿಸಿಕೊಟ್ಟವನ ಮುಖವನ್ನು ಬಹಳ ಹೊತ್ತು ನೋಡಿದರು. "ಡೇರಿಗೆ ಬಂದ ಹಾಲೇ ಲೆಕ್ಕ, ಅಲ್ವೇನ್ರೀ ಗಂಗುಲಪ್ಪ?" ಎಂದು ಪೆನ್ನಿನ ಮುಚ್ಚಳ ತೆಗೆದರು.