ಎಡಗಡೆಯ ಪೆಡಲ್

"ಕಾಲು ಎತ್ತಮ್ಮಾ, ಇನ್ನೊಂದ್ ಸ್ವಲ್ಪ ಎತ್ತು!"

ಶಿರೀಷಾ ಅಮ್ಮನ ಸೊಂಟ ಹಿಡಿದುಕೊಂಡಿದ್ದಳು. ಅಮ್ಮನ ಎಡಗಾಲು ನೆಲ ಬಿಟ್ಟು ಗೇಣುದ್ದ ಎದ್ದಿತು, ಅಷ್ಟೆ. ಆ ಎಕ್ಸರ್‌ಸೈಜ್ ಸೈಕಲ್ಲಿನ ಸೀಟು ಅಮ್ಮನ ಸೊಂಟದ ಎತ್ತರಕ್ಕಿತ್ತು. ಅಮ್ಮ ಪಕ್ಕಕ್ಕೆ ವಾಲಿದಳು. ಅಪ್ಪ ದುರುಗೇಶ ಬಂದು ಹಿಡಿಯದಿದ್ದರೆ ಆದೋನಿಯ ಆ ಅಂಗಡಿಯಲ್ಲೇ ಬಿದ್ದುಬಿಡುತ್ತಿದ್ದಳು.

"ಪರ್ವಾಲೇದಮ್ಮಾ, ಕೂಡ್ರಿ, ಕೂಡ್ರಿ," ಎಂದು ತೆಲುಗು ಬೆರೆಸಿ ಹೇಳುತ್ತಾ ಅಂಗಡಿಯವರು ಸ್ಟೂಲು ತಂದಿಟ್ಟರು.

"ಅಂಕಲ್, ಇದಲ್ಲ," ಎಂದಳು ಶಿರೀಷಾ. "ಫಿಜಿಯೋ ಮೇಡಂ ಬ್ಯಾರೆ ಹೇಳ್ಯಾರ. ಅದು ಕುರ್ಚಿ ಇದ್ದಂಗ ಇರತೈತಿ. ಬೆನ್ನು ಒರಗಿಸಿ ಕುಂದ್ರಬೇಕು, ಪೆಡಲ್ ಮುಂದ ಇರತಾವ. ರಿಕಂಬೆಂಟ್ ಬೈಕ್ ಅಂತಾರ."

"ಓ, ಅದಾ? ಅದನ್ನ ಆರ್ಡರ್ ಹಾಕಿ ತರಸಬೇಕು ಪಾಪಾ." ಅಂಗಡಿಯವರು ಕ್ಯಾಲ್ಕುಲೇಟರ್ ಒತ್ತಿ ಅಪ್ಪನ ಮುಂದೆ ಹಿಡಿದರು. ಅಪ್ಪ ಅದನ್ನು ನೋಡಿ, ಆಮೇಲೆ ರಸ್ತೆಯ ಕಡೆ ನೋಡತೊಡಗಿದ.

ಕುರ್ಚಿಯ ಮುಂದೆ ಇಟ್ಟುಕೊಂಡು ತುಳಿಯುವ ಪುಟ್ಟ ಪೆಡಲ್ ಒಂದಿತ್ತು. ಅದರ ಬೆಲೆ ಕಡಿಮೆ. ಅಮ್ಮ ಬಲಗಾಲಿನಿಂದ ಒಮ್ಮೆ ತುಳಿದಳು. ಅದು ನುಣ್ಣನೆಯ ನೆಲದ ಮೇಲೆ ಜಾರಿ ಗೋಡೆಯವರೆಗೂ ಹೋಯಿತು.

"ಮನೀಗೆ ಹೋಗೋಣ ನಡೀರಿ," ಎಂದಳು ಅಮ್ಮ.

ತಮ್ಮೂರು ಪೆದ್ದಹರಿವಾಣದ ಶಾಲೆಯಲ್ಲಿ ಅಮ್ಮ ಬಿಸಿಯೂಟ ಮಾಡುತ್ತಿದ್ದಳು. ಮೂರು ತಿಂಗಳ ಹಿಂದೆ ಸಾಂಬಾರಿನ ಪಾತ್ರೆ ಇಳಿಸುತ್ತಾ ಒಲೆಯ ಪಕ್ಕದಲ್ಲೇ ಕುಸಿದಳು. ಐದನೇ ಕ್ಲಾಸಿನ ಕಿಟಕಿಯಿಂದ ಶಿರೀಷಾ ಅದನ್ನು ಕಣ್ಣಾರೆ ಕಂಡಿದ್ದಳು. ಬಿ.ಪಿ. ಏರಿ ಲಕ್ವಾ ಹೊಡೆದಿದೆ ಎಂದರು ಡಾಕ್ಟರು. ಮಾತು ಬೇಗ ಸರಿಹೋಯಿತು. ಕೈಯೂ ಸ್ವಲ್ಪ ಬಂತು. ಎಡಗಾಲು ಮಾತ್ರ ಬರಲಿಲ್ಲ.

"ಸಂಕ್ರಾಂತಿ ರಜಾ ಮುಗಿಯೋತನಕ ನಿಮ್ಮ ಜಾಗ ಇಟ್ಟಿರತೀನಿ, ಶಿವಲಕ್ಷ್ಮಮ್ಮಾ," ಎಂದು ಹೆಡ್‌ಮಾಸ್ಟರ್ ಹೇಳಿದ್ದರು. ಅಮ್ಮ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಶಿರೀಷಾ ಇನ್ನೂ ಗಟ್ಟಿಯಾಗಿ.

ದಿನಾ ಸಂಜೆ ಅಪ್ಪ ಹತ್ತಿ ಮಿಲ್ಲಿನಿಂದ ಬಂದ ಕೂಡಲೇ ಅವಳು ಅವನ ಫೋನು ಕಸಿದುಕೊಂಡು ಅಂಥ ಕುರ್ಚಿ ಬೈಕುಗಳನ್ನು ಹುಡುಕುತ್ತಿದ್ದಳು. ಒಳ್ಳೆಯವು ಇವರ ಕೈಗೆ ಎಟುಕುತ್ತಿರಲಿಲ್ಲ. ಕೈಗೆ ಎಟುಕುವವು ಬೇಗ ಮುರಿಯುತ್ತವೆ ಎಂದು ಕೊಂಡವರೇ ಬರೆದಿದ್ದರು.

ಒಂದು ದಿನ ಫಿಜಿಯೋ ಮೇಡಂ ಫೋನು ಮಾಡಿದರು. ಆದೋನಿಯಲ್ಲಿ ಹುಸೇನಮ್ಮ ಎಂಬ ಅಜ್ಜಿಯ ಮನೆಯಲ್ಲಿ ಅಂಥದ್ದೇ ಬೈಕು ಇದೆಯಂತೆ. ಮಾರುತ್ತಾರಂತೆ. ಭಾನುವಾರ ಅಪ್ಪನೂ ಶಿರೀಷಾಳೂ ಹೋದರು.

ಬೈಕು ಪಡಸಾಲೆಯ ಮೂಲೆಯಲ್ಲಿತ್ತು. ಅಗಲವಾದ ಸೀಟು, ಒರಗಲು ಬೆನ್ನು, ಮುಂದೆ ಎರಡು ಪೆಡಲ್. ಅಪ್ಪ ಸೀಟನ್ನು ಹಿಂದೆ ಮುಂದೆ ಸರಿಸಿ ನೋಡಿದ. ಶಿರೀಷಾ ಹತ್ತಿ ಕೂತಳು. ಕಾಲು ಎಟುಕಲಿಲ್ಲ, ಆದರೂ ನಕ್ಕಳು.

"ಅಜ್ಜಿ, ಇದು ಯಾರ್ದು?"

"ನಮ್ಮ ಯಜಮಾನ್ರದು. ದಸ್ತಗಿರಿ ಮೇಷ್ಟ್ರು ಅಂತ. ಅವರಿಗೂ ಹಿಂಗ ಎಡಗಾಲಿಗೇ ಹೊಡದಿತ್ತು."

"ಈಗ?"

"ಈಗ ಅವರಿಗೆ ಇದು ಬೇಕಿಲ್ಲಮ್ಮಾ."

ಶಿರೀಷಾಳ ಮುಖ ಅರಳಿತು. "ಅಂದ್ರ, ತಾತ ನಡದ್ರಾ?"

ಹುಸೇನಮ್ಮ ಅಪ್ಪನ ಮುಖ ನೋಡಿದರು. ಅಪ್ಪ ತಲೆ ತಗ್ಗಿಸಿದ. ಅಜ್ಜಿ ಸೀಟಿನ ಧೂಳನ್ನು ಸೆರಗಿನಿಂದ ಒರೆಸುತ್ತಾ, "ಹೂಂನಮ್ಮಾ. ನಡದ್ರು," ಎಂದರು.

ಅವರು ಹೇಳಿದ ಬೆಲೆ ತೀರಾ ಕಡಿಮೆಯಿತ್ತು. ಬೈಕನ್ನು ಆಟೋದಲ್ಲಿ ಹೇರಿಕೊಂಡು ಮನೆಗೆ ತಂದರು. ಆಟೋ ನಿಲ್ಲುವ ಮೊದಲೇ ಶಿರೀಷಾ ಜಿಗಿದು ಒಳಗೆ ಓಡಿದಳು.

"ಅಮ್ಮಾ! ಆ ತಾತ ಇದನ್ನ ತುಳಿದು ತುಳಿದು ನಡದ್ರಂತ!"

ಮರುದಿನದಿಂದಲೇ ಶುರುವಾಯಿತು. ಅಮ್ಮನ ಎಡಗಾಲನ್ನು ಪೆಡಲಿನ ಮೇಲಿಟ್ಟು, ಜಾರದಂತೆ ಪಟ್ಟಿ ಬಿಗಿಯುವುದು ಶಿರೀಷಾಳ ಕೆಲಸ. ಅಮ್ಮ ಬಲಗಾಲಿನಿಂದ ಒತ್ತಿದರೆ ಎಡಗಾಲು ತಾನೂ ಸುತ್ತುತ್ತಿತ್ತು, ಅದರ ಸರದಿಗೆ ಮಾತ್ರ ಪೆಡಲ್ ಟಕ್ಕೆಂದು ತಡೆಯುತ್ತಿತ್ತು. ಗರ್‌ರ್... ಟಕ್. ಗರ್‌ರ್... ಟಕ್. ಅಮ್ಮನ ಹಣೆಯ ಮೇಲೆ ಬೆವರು ಮೂಡುತ್ತಿತ್ತು.

"ಎಡಗಾಲಿಂದನೂ ಒತ್ತಮ್ಮಾ!"

"ಒತ್ತಾಕತ್ತೀನವ್ವಾ."

ಹೀಗೆ ಒಂದು ತಿಂಗಳು ಕಳೆಯಿತು. ಸಂಕ್ರಾಂತಿಗೆ ಮನೆಯೆಲ್ಲ ತೊಳೆಯುವಾಗ ಶಿರೀಷಾ ಒದ್ದೆ ಬಟ್ಟೆ ತೆಗೆದುಕೊಂಡು ಬೈಕನ್ನೂ ಒರೆಸಲು ಕೂತಳು. ಬಲಗಡೆಯ ಪೆಡಲ್ ಒರೆಸಿದಳು. ಅದರ ರಬ್ಬರು ಸವೆದು ಸವೆದು ನುಣ್ಣಗಾಗಿತ್ತು. ಅದರ ಮೇಲಿದ್ದ ಅಕ್ಷರ ಅಳಿಸಿಹೋಗಿತ್ತು.

ಆಮೇಲೆ ಎಡಗಡೆಯದನ್ನು ಒರೆಸಿದಳು. ಧೂಳು ಹೋಯಿತು. ರಬ್ಬರಿನ ಗೆರೆಗಳೆಲ್ಲ ಎದ್ದು ಕಂಡವು. ನಡುವೆ 'L' ಅಕ್ಷರ ಹೊಸದರಂತೆ ಇತ್ತು.

ಶಿರೀಷಾ ಎರಡನ್ನೂ ಮತ್ತೊಮ್ಮೆ ಮುಟ್ಟಿ ನೋಡಿದಳು. ಆ ತಾತನ ಎಡಗಾಲು ಒಂದು ದಿನವೂ ಪೆಡಲನ್ನು ಒತ್ತಿರಲಿಲ್ಲ.

ಅವಳು ಹಿತ್ತಲಿಗೆ ಹೋಗಿ ಅಪ್ಪನ ಮುಂದೆ ನಿಂತಳು. "ಅಪ್ಪಾ, ತಾತ ನಡದಿಲ್ಲ."

ಅಪ್ಪ ಸುಣ್ಣದ ಬಕೆಟ್ಟು ಕೆಳಗಿಟ್ಟ. "ಇಲ್ಲವ್ವಾ. ದಸರಾಕ್ಕಿಂತ ಮೊದಲ ತೀರಿಕೊಂಡಾರ, ಫಿಜಿಯೋ ಮೇಡಂ ಹೇಳಿದ್ರು."

"ಮತ್ತ ಅಜ್ಜಿ ಸುಳ್ಳು ಹೇಳಿದ್ರು. ನೀನೂ ಸುಮ್ನಿದ್ದಿ."

ಅಪ್ಪ ಅವಳ ತಲೆ ಸವರಲು ಕೈ ಚಾಚಿದ. ಅವಳು ಹಿಂದೆ ಸರಿದಳು.

ರಜೆ ಮುಗಿದು ಶಾಲೆಗೆ ಹೋದ ದಿನ ಅಡುಗೆಕೋಣೆಯಲ್ಲಿ ಬೇರೆ ಹೆಂಗಸಿದ್ದರು. ಇಷ್ಟು ದಿನ ತಾತ್ಕಾಲಿಕವಾಗಿ ಬರುತ್ತಿದ್ದವರು ಈಗ ಪರ್ಮನೆಂಟ್ ಎಂದು ಗೆಳತಿ ಮೌನಿಕಾ ಹೇಳಿದಳು. ಹಿಂದಿನ ಸಂಜೆ ಶಿರೀಷಾ ಮನೆಯಲ್ಲಿಲ್ಲದಾಗ ಹೆಡ್‌ಮಾಸ್ಟರ್ ಬಂದು ಅಮ್ಮನಿಗೆ ತಿಳಿಸಿ ಹೋಗಿದ್ದರಂತೆ. ಅಮ್ಮ ಅದನ್ನು ಮನೆಯಲ್ಲಿ ಹೇಳಿರಲಿಲ್ಲ. ಶಿರೀಷಾ ಅಂದು ತಟ್ಟೆಯಲ್ಲಿ ಅನ್ನ ಬಿಟ್ಟಳು.

ಮುಂದಿನ ಭಾನುವಾರ ಮನೆಯ ಮುಂದೆ ಆಟೋ ನಿಂತಿತು. ಹುಸೇನಮ್ಮ ಇಳಿದರು. ಕೈಯಲ್ಲಿ ಸೀಬೆಹಣ್ಣಿನ ಚೀಲ.

ಅಮ್ಮ ಒಳಗೆ ಕರೆದಳು. ಶಿರೀಷಾ ಹೊಸ್ತಿಲ ಮೇಲೆ ಮುಖ ತಿರುಗಿಸಿ ಕೂತಳು. ಹಣ್ಣು ಕೊಟ್ಟರೆ ತೆಗೆದುಕೊಳ್ಳಲಿಲ್ಲ.

"ದಿನಾ ತುಳೀತಿಯೇನಮ್ಮಾ?" ಅಜ್ಜಿ ಅಮ್ಮನನ್ನು ಕೇಳಿದರು.

"ತುಳೀತೀನ್ರಿ."

"ಈಗೊಂದ್ ಸ್ವಲ್ಪ ತುಳೀತೀ?" ಅಜ್ಜಿಯ ದನಿ ಸಣ್ಣಗಾಗಿತ್ತು.

ಅಮ್ಮ ಗೋಡೆ ಹಿಡಿದು ಬಂದು ಕೂತಳು. ತಾನೇ ಬಗ್ಗಿ ಪಟ್ಟಿ ಬಿಗಿದುಕೊಂಡಳು. ಗರ್‌ರ್... ಟಕ್. ಗರ್‌ರ್... ಟಕ್.

ಅಜ್ಜಿ ಬೈಕನ್ನು ನೋಡಲೇ ಇಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು.

"ಮುಂಜಾನೆ ನಾನು ರೊಟ್ಟಿ ಬಡಿಯೋ ಹೊತ್ತಿಗೆ ಪಡಸಾಲಿಯಾಗ ಇದೇ ಸಪ್ಪಳ. ಎರಡು ವರ್ಷ. ಒಂದಿನಾನೂ ತಪ್ಪಿಸಲಿಲ್ಲ ಅವರು. ಈಗ ಇಡೀ ಮನಿ ಸುಮ್ನ ಕುಂತೈತಿ."

ಶಿರೀಷಾಳಿಗೆ ತಡೆಯಲಾಗಲಿಲ್ಲ. "ಮತ್ತ ನಡದ್ರು ಅಂತ ಯಾಕ ಹೇಳಿದ್ರಿ?"

ಅಜ್ಜಿ ಕಣ್ಣು ಬಿಟ್ಟರು. "ನಿನ್ನ ಮುಖ ನೋಡಿ ಇಲ್ಲ ಅನ್ನಾಕ ನನಗ ಬಾಯಿ ಬರಲಿಲ್ಲ, ಮಗಳೇ. ತಪ್ಪಾತು."

ಶಿರೀಷಾ ಅಮ್ಮನ ಕಡೆ ನೋಡಿದಳು. ಅಮ್ಮನಿಗೆ ಆಶ್ಚರ್ಯವೇ ಆದಂತಿರಲಿಲ್ಲ.

"ನಿನಗ ಗೊತ್ತಿತ್ತಾ?"

"ಮೊದಲನೇ ದಿನಾನೇ. ಬಲಗಾಲಿಗೆ ನುಣ್ಣಗ ಹತ್ತಿತು, ಎಡಗಾಲಿಗೆ ಗೆರಿ ಹತ್ತಿದವು."

"ಮತ್ತ ಯಾಕ ತುಳೀತಿ?"

ಅಮ್ಮ ಅಜ್ಜಿಯ ಕಡೆ ಒಮ್ಮೆ ನೋಡಿದಳು, ಮತ್ತೆ ಶಿರೀಷಾಳನ್ನು ನೋಡಿದಳು. ಕಾಲು ನಿಲ್ಲಿಸಲಿಲ್ಲ. ಅಜ್ಜಿಯ ಕಣ್ಣುಗಳು ಮತ್ತೆ ಮುಚ್ಚಿದವು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಆದರೂ ಅವರು ಅಳುತ್ತಿರುವಂತೆ ಕಾಣುತ್ತಿರಲಿಲ್ಲ. ಯಾರೋ ಒಳಕೋಣೆಯಿಂದ ಮಾತಾಡುವುದನ್ನು ಕೇಳಿಸಿಕೊಳ್ಳುತ್ತಿರುವಂತೆ ಇತ್ತು ಆ ಮುಖ.

ಸ್ವಲ್ಪ ಹೊತ್ತಿಗೆ ಅಮ್ಮನ ಉಸಿರು ಏರಿತು. ಸಪ್ಪಳ ನಿಧಾನವಾಯಿತು. ಇನ್ನೇನು ನಿಲ್ಲುತ್ತದೆ.

ಶಿರೀಷಾ ಹೊಸ್ತಿಲಿನಿಂದ ಎದ್ದು ಬಂದಳು. ಬೈಕಿನ ಪಕ್ಕ ಮಂಡಿಯೂರಿ, ಅಮ್ಮನ ಎಡಪಾದದ ಮೇಲೆ ಎರಡೂ ಕೈಯಿಟ್ಟು ಮೆಲ್ಲಗೆ ಒತ್ತಿದಳು.

ಗರ್‌ರ್... ಗರ್‌ರ್...

ಅಜ್ಜಿ ಕಣ್ಣು ತೆರೆಯಲಿಲ್ಲ. ಶಿರೀಷಾ ಒತ್ತುತ್ತಲೇ ಇದ್ದಳು.