ಕಾಣೆಯಾದ ಕರ್ತೃಪದ

ವರ್ಗದರ್ಶಿ ಯಂತ್ರದ ಕುರ್ಚಿಯಲ್ಲಿ ಕುಳಿತವನಿಗೆ ನೋವೇನೂ ಆಗುತ್ತಿರಲಿಲ್ಲ. ತಲೆಗೊಂದು ಹಗುರವಾದ ಜಾಲಕಿರೀಟ, ಎದುರಿಗೆ ಅಂಗೈಯಗಲದ ಧ್ವನಿಗ್ರಾಹಿ. ಕೇಳುವುದು ಒಂದೇ ಪ್ರಶ್ನೆ: "ನಿಮ್ಮ ಪ್ರಕರಣದಲ್ಲಿ ನಡೆದದ್ದನ್ನು ಹೇಳಿ." ಕೈದಿ ಹೇಳಿ ಮುಗಿಸುವಷ್ಟರಲ್ಲಿ ಅವನ ವರ್ಗ ಪರದೆಯ ಮೇಲೆ ಮೂಡುತ್ತಿತ್ತು. 2061ರ ಆ ಸೋಮವಾರ, ಕರೇಗುಡ್ಡದ ಕಾರಾಗೃಹದಲ್ಲಿ ಬೆಳಿಗ್ಗೆ ಹನ್ನೊಂದರೊಳಗೆ ನಲವತ್ತು ಮಂದಿಯ ಹಣೆಬರಹ ಹೀಗೆ ತೀರ್ಮಾನವಾಗಿತ್ತು.

ಹೆಡ್ ವಾರ್ಡರ್ ಗುರುಪಾದಪ್ಪ ಮುಗಳಿ ಬಾಗಿಲ ಬಳಿ ನಿಂತು ಇದನ್ನೆಲ್ಲ ನೋಡುತ್ತ ಒಳಗೊಳಗೇ ಉರಿಯುತ್ತಿದ್ದ. ಇಪ್ಪತ್ತೊಂಬತ್ತು ವರ್ಷದಿಂದ ಈ ಕೆಲಸ ಅವನದಾಗಿತ್ತು. ಹೊಸ ಕೈದಿಯನ್ನು ಅವನು ಮೊದಲನೆಯ ಊಟದಲ್ಲೇ ಅಳೆದುಬಿಡುತ್ತಿದ್ದ. ತಟ್ಟೆ ಮುಂದಿಟ್ಟುಕೊಂಡು ಅಳುವವನು ಎಡವಿ ಬಿದ್ದವನು. ಪಕ್ಕದವನ ತಟ್ಟೆಯ ಮೇಲೆ ಕಣ್ಣಿಟ್ಟವನು ಚಟದವನು. ಸಾರಿಗೆ ಉಪ್ಪು ಸಾಲದೆಂದು ಅಡುಗೆಯವನನ್ನೇ ಕರೆಸುವವನು ಹಿಂದೆ ಮೂರು ಸಲವಾದರೂ ಒಳಗೆ ಬಂದುಹೋದವನು. ಈ ವಿದ್ಯೆಗೆ ಪುಸ್ತಕವಿರಲಿಲ್ಲ. ಆದರೆ ಲೆಕ್ಕ ತಪ್ಪಿದ್ದೂ ಕಡಿಮೆ ಎಂಬುದು ಅವನ ಗಟ್ಟಿ ನಂಬಿಕೆ.

ಯಂತ್ರವನ್ನು ರೂಪಿಸಿದ್ದ ಡಾ. ಮಂದಾಕಿನಿ ಐತಾಳಳ ನಂಬಿಕೆಯೂ ಅಷ್ಟೇ ಗಟ್ಟಿಯಾಗಿತ್ತು. ಕೊಲೆಗಾರರೆಲ್ಲ ಒಂದು ಬ್ಯಾರಕ್ಕು, ಕಳ್ಳರೆಲ್ಲ ಇನ್ನೊಂದು ಎಂದು ಕಾನೂನಿನ ಸೆಕ್ಷನ್ ನೋಡಿ ವಿಂಗಡಿಸುವುದು ಅವಳ ಪ್ರಕಾರ ಶುದ್ಧ ಅವೈಜ್ಞಾನಿಕ ಪದ್ಧತಿ. ಒಂದೇ ಸೆಕ್ಷನ್ನಿನಲ್ಲಿ ಬಂದ ಇಬ್ಬರು ಒಂದೇ ಥರದವರಾಗಿರಬೇಕೆಂದೇನಿಲ್ಲ. ಸಿಟ್ಟಿನ ಭರದಲ್ಲಿ ಕೈಮಾಡಿದವನು 'ಆವೇಶಿ'. ಅವನನ್ನು ಗೋಡೆಯಿಲ್ಲದ ಬಯಲು ಬಂದೀಖಾನೆಗೆ ಕಳಿಸಬಹುದು, ಅಲ್ಲಿ ಹೆಂಡತಿ ಮಕ್ಕಳ ಜೊತೆಗೇ ಇರಬಹುದು. ತಿಳಿದೂ ತಿಳಿದೂ ಮಾಡಿದವನು 'ಸಂಕಲ್ಪಿ'. ಅವನು ಗೋಡೆಯೊಳಗೇ ದುಡಿಯಬೇಕು. ಅಪರಾಧವೇ ಕಸುಬಾದವರಿಗೆ ಬೇರೆ ಕಾವಲು. ಎಲ್ಲರಿಗಿಂತ ಕೆಳಗಿನ ವರ್ಗಕ್ಕೆ ಅವಳು 'ಹೊಣೆಗಳ್ಳ' ಎಂದು ಹೆಸರಿಟ್ಟಿದ್ದಳು. ಮೈಗಳ್ಳ ಕೆಲಸದಿಂದ ತಪ್ಪಿಸಿಕೊಂಡರೆ ಹೊಣೆಗಳ್ಳ ತಾನು ಮಾಡಿದ್ದರಿಂದಲೇ ತಪ್ಪಿಸಿಕೊಳ್ಳುತ್ತಾನೆ. ಅವನಿಗೆ ಒಂಟಿ ಕೋಣೆ.

ನಲವತ್ತೊಂದನೆಯವನಾಗಿ ಶಿವಪುತ್ರ ಬಡಿಗೇರ ಬಂದು ಕುಳಿತ. ಒಂಬತ್ತು ವರ್ಷದ ಹಿಂದೆ ಬಡಿಗತನದ ಅಂಗಡಿಯಲ್ಲಿ ಅಕ್ಕನ ಗಂಡ ಮೌನೇಶ, ಗಿರಾಕಿಗಳ ಎದುರಿಗೇ ಇವನು ಮಾಡಿದ ಚೌಕಟ್ಟು ಸೊಟ್ಟಗಿದೆ ಎಂದು ನಕ್ಕಿದ್ದ. ಗಿರಾಕಿಗಳು ಹೋದೊಡನೆ ಜಗಳವಾಗಿ, ಕೈಯಲ್ಲಿದ್ದ ಕೊಡತಿಯಿಂದ ಇವನು ಹೊಡೆದಿದ್ದ. ಮರದ ಸುತ್ತಿಗೆಯಾದರೂ ಏಟು ತಲೆಗೆ ಬಿದ್ದಿತ್ತು, ಭಾವ ಸತ್ತ. ಶಿವಪುತ್ರ ಜೈಲಿಗೆ ಬಂದ ದಿನ ತಟ್ಟೆ ಮುಂದಿಟ್ಟುಕೊಂಡು ಅತ್ತಿದ್ದನ್ನು ಗುರುಪಾದಪ್ಪ ಕಣ್ಣಾರೆ ನೋಡಿದ್ದ. ಆವೇಶಿಯಲ್ಲದೆ ಇನ್ನೇನು? ಬಯಲು ಬಂದೀಖಾನೆಗೆ ಜೊತೆಯಾಗಿ ಹೋಗಲು ಅವನ ಹೆಂಡತಿ ಗಂಗವ್ವ ಆಗಲೇ ಪಾತ್ರೆ ಪಡಗ ಕಟ್ಟಿಟ್ಟಿದ್ದಳು.

"ಜಗಳ ಆತ್ರಿ," ಎಂದ ಶಿವಪುತ್ರ. "ಸಿಟ್ಟು ಬಂತ್ರಿ. ಕೈಯಾಗ ಕೊಡತಿ ಇತ್ತು. ಕೊಡತಿ ಬಿತ್ತು. ತಪ್ಪಾತ್ರಿ. ಭಾಳ ತಪ್ಪಾತ್ರಿ."

ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು: ಹೊಣೆಗಳ್ಳ.

ಗುರುಪಾದಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಕೈದಿಯನ್ನು ಹೊರಗೆ ಕಳಿಸಿ ನೇರವಾಗಿ ವಿಜ್ಞಾನಿಯ ಮೇಜಿನ ಬಳಿಗೇ ಹೋದ.

"ಮೇಡಂ ಅವರ, ನಿಮ್ಮ ಮಷೀನಿಗೆ ಕಿವಿ ಅದಾವೇನ್ರಿ? ಅಂವ ಎರಡ ಸಲ ತಪ್ಪಾತು ಅಂದಾನ."

"ಅದೇ ತೊಂದರೆ ಗುರುಪಾದಪ್ಪನವರೇ," ಮಂದಾಕಿನಿ ಸಮಾಧಾನವಾಗಿಯೇ ಹೇಳಿದಳು. "ಈ ಯಂತ್ರ ಅಳೆಯುವುದು ಕರ್ತೃಪ್ರಮಾಣವನ್ನು. ಅಂದರೆ, ಮಾಡಿದವನು ತನ್ನ ಮಾತಿನಲ್ಲಿ ಎಷ್ಟರಮಟ್ಟಿಗೆ ಇದ್ದಾನೆ ಅಂತ. ಜಗಳ ಆಯಿತು, ಸಿಟ್ಟು ಬಂತು, ಕೊಡತಿ ಬಿತ್ತು. ಇಷ್ಟರಲ್ಲಿ ಶಿವಪುತ್ರ ಎಲ್ಲಿದ್ದಾನೆ? ಕೊಡತಿ ತಾನಾಗೇ ಎದ್ದು ಹೋಗಿ ಬಿತ್ತೇ?"

"ನಿಮ್ಮ ಮನ್ಯಾಗ ಕೈ ಜಾರಿ ಕಪ್ಪು ಒಡದ್ರ ಏನಂತೀರಿ?"

"ಕಪ್ಪು ಒಡೆದುಹೋಯ್ತು ಅಂತೀವಿ," ಎಂದವಳು ತನ್ನ ಮಾತಿಗೆ ತಾನೇ ನಕ್ಕಳು.

"ಹಂಗಾರ ನೀವೂ ಹೊಣೆಗಳ್ಳರ! ನಮ್ಮ ಕಡೆ ಕಾಲು ಹಿಡಿಯೂವಾಗ ತಪ್ಪಾತು ಅಂತಾರ್ರಿ. ತಪ್ಪು ಮಾಡೀನಿ ಅಂತ ಎದಿ ಉಬ್ಬಿಸಿ ಹೇಳಿದ್ರ ಅದು ಸೊಕ್ಕು ಅನಸ್ತದ. ಹೋದ ತಿಂಗಳ ಈ ಕುರ್ಚ್ಯಾಗ ಕುಂತಿದ್ದ ಆ ಕಳ್ಳ ಪರಸಪ್ಪನ್ನ ನೋಡ್ರಿ. ಧಣಿ ಮ್ಯಾಲಿನ ಸಿಟ್ಟಿಗೆ ನಾನ ಬೀಗ ತೆಗದೆ, ನಾನ ಕದ್ದೆ ಅಂತ ಮೀಸಿ ತಿರುವಿಕೋತ ಹೇಳಿದ. ನಿಮ್ಮ ಮಷೀನು ಮೆಚ್ಚಿ ಬಯಲಿಗೆ ಕಳಿಸ್ತು. ಹೋದ ವಾರನ ಅಲ್ಲಿ ಉಗ್ರಾಣದ ಬೀಗಾನೂ ತೆಗದಾನಂತ!"

ಮಂದಾಕಿನಿಯ ನಗು ಮಾಯವಾಯಿತು. ಪರಸಪ್ಪನ ಸುದ್ದಿ ಅವಳಿಗೂ ಮುಟ್ಟಿತ್ತು. ಆದರೂ ಅವಳು ಸೋಲುವ ಹೆಣ್ಣಲ್ಲ. "ಒಂದು ಉದಾಹರಣೆಯಿಂದ ಯಂತ್ರ ಕೆಟ್ಟಿತು ಅನ್ನಲಾಗದು. ಕನ್ನಡದಲ್ಲಿ 'ನಾನು' ಎಂಬ ಪದ ಇಲ್ಲವೇ? ಮೂವತ್ತು ದಿನಕ್ಕೆ ಮರುಪರೀಕ್ಷೆ ಇದೆ, ಅಲ್ಲಿಯವರೆಗೆ ಒಂಟಿ ಕೋಣೆಗೆ ಹಾಕುವುದಿಲ್ಲ. ಹೇಳಲಿ ನೋಡೋಣ."

ಅಷ್ಟೇ ಸಾಕಾಯಿತು ಗುರುಪಾದಪ್ಪನಿಗೆ. ಪರೀಕ್ಷೆ ಅಂದಮೇಲೆ ಪಾಠವೂ ಇರಬೇಕಲ್ಲ. ಮರುದಿನದಿಂದಲೇ ಜೈಲಿನ ಬಡಿಗತನದ ಶೆಡ್ಡಿನಲ್ಲಿ ವ್ಯಾಕರಣದ ತರಗತಿ ಶುರುವಾಯಿತು. ಶಾಲೆಯಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಒಪ್ಪಿಸಲಾಗದೆ ಏಟು ತಿಂದಿದ್ದ ಗುರುಪಾದಪ್ಪ ಈಗ ಅದನ್ನೇ ಬೋಧಿಸಲು ಕುಳಿತ.

"ಮೊದಲು ಸಣ್ಣದು ಹೇಳು. ಹಲಗಿ ಸೀಳ್ತು ಅನಬ್ಯಾಡ. ನಾನು ಹಲಗಿ ಸೀಳಿದೆ ಅನ್ನು."

"ನಾನು ಹಲಗಿ ಸೀಳಿದೆ."

"ಶಾಬಾಶ್. ಉಳಿ ಮೊಂಡಾತು ಅನಬ್ಯಾಡ."

"ನಾನು ಉಳಿ ಮೊಂಡ ಮಾಡಿದೆ. ಆದ್ರ ಸಾಹೇಬ್ರ, ಉಳಿ ಮೊಂಡ ಮಾಡಿದಾಂವ ನಾನಲ್ಲ, ಆ ದುರಗಪ್ಪ."

"ಯಾರರ ಆಗ್ಲಿ, ನಾನು ಅಂತನ್ನು!"

ಹತ್ತು ದಿನದಲ್ಲಿ ಶಿವಪುತ್ರ ಹಲಗೆ, ಉಳಿ, ಮೊಳೆಗಳ ಪಾಠದಲ್ಲಿ ಪಾಸಾದ. ಅಷ್ಟರಲ್ಲಿ ಬ್ಯಾರಕ್ಕಿನ ಇನ್ನೂ ಆರು ಮಂದಿ ಬಂದು ಸುತ್ತ ಕೂರತೊಡಗಿದ್ದರು. ಗುರುಪಾದಪ್ಪನ ಉತ್ಸಾಹ ಹೇಳತೀರದು. ಯಂತ್ರಕ್ಕೆ ಮಣ್ಣುಮುಕ್ಕಿಸುವ ದಿನ ಹತ್ತಿರ ಬಂತೆಂದು ಅವನು ಮನೆಯಲ್ಲೂ ಹೆಂಡತಿಯೆದುರು ಕೊಚ್ಚಿಕೊಂಡಿದ್ದ. ಕೊನೆಗೊಂದು ಮಧ್ಯಾಹ್ನ ನಿಜವಾದ ವಾಕ್ಯಕ್ಕೆ ಬಂದ.

"ಈಗ ಹೇಳು. ಕೊಡತಿ ಬಿತ್ತು ಅಲ್ಲ. ನಾನು..."

ಶಿವಪುತ್ರ ಬಾಯಿ ತೆರೆದ. ಎದುರಿನ ಕೆಲಸದ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಾನು ಕೊಡತಿಯಿಂದ ಮೌನೇಶ ಮಾಂವನ್ನ ಹೊಡದೆ," ಎಂದ. ಆಮೇಲೆ ಅವನು ಅಳಲಿಲ್ಲ, ಕೂಗಲಿಲ್ಲ. ಅಲ್ಲಿಯೇ ನೆಲದ ಮೇಲೆ ಕುಸಿದು ಕುಳಿತ. ಮೂರು ದಿನ ಊಟಕ್ಕೂ ಸರಿಯಾಗಿ ಏಳಲಿಲ್ಲ. ಗುರುಪಾದಪ್ಪನಿಗೆ ಮೊದಲ ಸಲ ಹೆದರಿಕೆಯಾಯಿತು. ಒಂಬತ್ತು ವರ್ಷ 'ಬಿತ್ತು' ಎಂಬ ಮಾತಿನ ಹಿಂದೆ ಕುಳಿತು ಹೇಗೋ ದಿನ ದೂಡಿದ್ದ ಮನುಷ್ಯನನ್ನು ತಾನು ಹೊರಗೆ ಎಳೆದುಬಿಟ್ಟೆನಲ್ಲ ಎಂದುಕೊಂಡ.

ಮರುಪರೀಕ್ಷೆಯ ದಿನ ಶಿವಪುತ್ರ ಕುರ್ಚಿಯಲ್ಲಿ ನೆಟ್ಟಗೆ ಕುಳಿತ. ಗುರುಪಾದಪ್ಪ ಕಲಿಸಿದ್ದು ನಾಲ್ಕು ವಾಕ್ಯ. ಶಿವಪುತ್ರ ನಾಲ್ಕನ್ನೂ ತಪ್ಪಿಲ್ಲದೆ ಹೇಳಿದ. ಅಲ್ಲಿಗೆ ನಿಲ್ಲಿಸಿದ್ದರೆ ಬಯಲು ಬಂದೀಖಾನೆ ಅವನದಾಗುತ್ತಿತ್ತು. ಪರದೆಯ ಮೇಲೆ ಹಸಿರು ಬಣ್ಣ ಏರುತ್ತಲೂ ಇತ್ತು. ಆದರೆ ಅವನು ನಿಲ್ಲಿಸಲಿಲ್ಲ.

"ಒಂದ ಏಟು ಅಂತ ಕೋರ್ಟಿನ್ಯಾಗ ಹೇಳಿದ್ರು. ಒಂದಲ್ರಿ. ಮೊದಲನೇದು ಸಿಟ್ಟಿನ್ಯಾಗ ಹೊಡದೆ. ಅಂವ ಕೆಳಗ ಬಿದ್ದು ನನ್ನ ನೋಡಿದ. ಆಗ ಸಿಟ್ಟು ಇಳಿದಿತ್ತು. ಎದ್ದು ಬಂದ್ರ ಮತ್ತ ನಗ್ತಾನ ಅಂತ ವಿಚಾರ ಮಾಡಿದೆ. ವಿಚಾರ ಮಾಡಿ, ನಾನು ಎರಡನೇ ಸಲ ಹೊಡದೆ."

ಹಸಿರು ಇಳಿಯಿತು. ಯಂತ್ರ ಬರೆಯಿತು: ಸಂಕಲ್ಪಿ. ಬಯಲಿಗೆ ಅರ್ಹನಲ್ಲ.

ಗುರುಪಾದಪ್ಪ ಗೋಡೆಗೆ ಒರಗಿದ. ಮೊದಲನೆಯ ಊಟದಲ್ಲೇ ಮನುಷ್ಯನನ್ನು ಅಳೆಯುತ್ತೇನೆಂದು ಮೆರೆದವನಿಗೆ ಒಂಬತ್ತು ವರ್ಷದಲ್ಲಿ ಇದು ತಿಳಿದಿರಲಿಲ್ಲ. ಪಾಪ, ಗಂಗವ್ವನಿಗೆ ಏನು ಹೇಳುವುದು? ಇತ್ತ ಮಂದಾಕಿನಿಯೂ ಗೆದ್ದವಳ ಹಾಗೆ ಕಾಣಲಿಲ್ಲ. ಹೊಣೆಗಳ್ಳನಿಗೆ ಶಿಕ್ಷೆ ಕೊಡಲು ಯಂತ್ರಕ್ಕೆ ಗೊತ್ತಿತ್ತು. ಹೊಣೆ ಹೊತ್ತವನಿಗೆ ಏನು ಕೊಡಬೇಕೆಂದು ಅವಳು ಅದಕ್ಕೆ ಕಲಿಸಿರಲಿಲ್ಲ.

ಶಿವಪುತ್ರ ಮಾತ್ರ ಹಗುರಾಗಿದ್ದ. "ಇರಲಿ ಬಿಡ್ರಿ. ಈ ಮಾತು ಮಷೀನಿಗೆ ಹೇಳಿ ಏನು ಬಂತು? ನಮ್ಮ ಅಕ್ಕಗ ಹೇಳಬೇಕ್ರಿ," ಎಂದ. ಅಕ್ಕ ಕಾಳವ್ವ ಅವನನ್ನು ನೋಡಲು ಒಮ್ಮೆಯೂ ಬಂದಿರಲಿಲ್ಲ. ಗುರುಪಾದಪ್ಪ ತಾನೇ ಎರಡು ಬಸ್ಸು ಬದಲಿಸಿ ಅವಳ ಊರಿಗೆ ಹೋಗಿ ಕರೆದ. ಮುಂದಿನ ಗುರುವಾರ ಬೆಳಿಗ್ಗೆ ಜೈಲಿನ ಬಾಗಿಲಲ್ಲಿ ನಿಂತಿದ್ದಳು.

ಭೇಟಿಯ ಕೋಣೆಯ ಮಾತುಗಳೂ ವರ್ಗದರ್ಶಿಗೆ ಹೋಗುತ್ತಿದ್ದವು, ಅದು ಹೊಸ ನಿಯಮ. ಪಕ್ಕದ ಕೋಣೆಯಲ್ಲಿ ಮಂದಾಕಿನಿ ಪರದೆಯ ಮುಂದಿದ್ದಳು. ಗುರುಪಾದಪ್ಪ ಅವಳ ಹಿಂದೆ ನಿಂತಿದ್ದ. ಶಿವಪುತ್ರ ಎಲ್ಲವನ್ನೂ ಹೇಳಿದ, ಎರಡನೆಯ ಏಟಿನ ತನಕ. ಕಾಳವ್ವ ಜಾಲರಿಯಾಚೆ ಮುಖವೆತ್ತಿ ಅವನನ್ನು ನೋಡಿದಳು.

"ನಂಗ ಗೊತ್ತಿತ್ತು," ಎಂದಳು. "ನಾ ಬಾಗಲದಾಗ ನಿಂತಿದ್ದೆ ತಮ್ಮಾ. ಎರಡೂ ನೋಡೀನಿ. ಕೋರ್ಟಿನ್ಯಾಗ ಜಡ್ಜ್ ಸಾಹೇಬ್ರು ಕೇಳಿದಾಗ ಒಂದ ಏಟು ಅಂದೆ. ಗಂಡಂತೂ ಹೋದ, ತಮ್ಮನೂ ನೇಣಿಗೆ ಹೋದ್ರ ಹೆಂಗ ಅಂತ ಸುಳ್ಳು ಹೇಳಿದೆ. ನಾನು ಹೇಳಿದೆ. ಅದಕ್ಕ ನಿನ್ನ ಮುಖ ನೋಡಾಕ ಬರಲಿಲ್ಲ. ನೀ ಕೊಡತಿ ಬಿತ್ತು, ತಪ್ಪಾತು ಅಂತಿದ್ದಿ, ನಾ ಹೂಂ ಅನ್ನಬೇಕಾಗ್ತಿತ್ತು. ಮತ್ತೊಂದು ಸುಳ್ಳು ಹೇಳಾಕ ನನ್ನ ಕೈಲೆ ಆಗ್ತಿರಲಿಲ್ಲ."

ಅವಳು ಕ್ಷಮಿಸಿದೆ ಎನ್ನಲಿಲ್ಲ. ಜಾಲರಿಯ ಸಂದಿನಲ್ಲಿ ಎರಡು ಬೆರಳು ತೂರಿಸಿದಳು. ತಮ್ಮ ಅವನ್ನು ಹಿಡಿದುಕೊಂಡ.

ಇತ್ತ ಪರದೆ ಮಿನುಗಿತು. 'ಹೊಸ ಧ್ವನಿ. ಕರ್ತೃಪ್ರಮಾಣ ಪೂರ್ಣ. ಅಪರಾಧ: ನ್ಯಾಯಾಲಯದಲ್ಲಿ ಸುಳ್ಳು ಸಾಕ್ಷ್ಯ. ವರ್ಗೀಕರಿಸಿ ವರದಿ ಕಳಿಸಬೇಕೆ?'

ಮಂದಾಕಿನಿ ಎರಡು ಕ್ಷಣ ಆ ಸಾಲನ್ನು ನೋಡಿದಳು. ಆಮೇಲೆ ಆ ಮಾತುಕತೆಯ ಧ್ವನಿಮುದ್ರಣವನ್ನು ಪೂರ್ತಿ ಅಳಿಸಿ, ಯಂತ್ರ ನಿಲ್ಲಿಸುವ ಗುಂಡಿ ಒತ್ತಿ, ಗೋಡೆಯಿಂದ ತಂತಿಯನ್ನೂ ಕಿತ್ತು ಕೆಳಗಿಟ್ಟಳು. ಪರದೆ ಕಪ್ಪಾಯಿತು.

ಯಂತ್ರ ಎಷ್ಟು ಹೊತ್ತಿಗೆ ನಿಂತರೂ ದಿನಚರಿಯಲ್ಲಿ ಕಾರಣ ಬರೆಯಲೇಬೇಕು, ಇಬ್ಬರ ನೌಕರಿಯ ಪ್ರಶ್ನೆ ಅದು. ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ಕನ್ನಡ ಬರೆದು ಪಳಗಿದ್ದ ಗುರುಪಾದಪ್ಪ ಅವಳನ್ನು ಉಳಿಸಲೆಂದು ಗಡಿಬಿಡಿಯಲ್ಲಿ ಪುಸ್ತಕ ತೆರೆದು ಬರೆದ: 'ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ತಾಂತ್ರಿಕ ದೋಷದಿಂದ ಯಂತ್ರ ಸ್ಥಗಿತಗೊಂಡಿರುತ್ತದೆ.'

ಮಂದಾಕಿನಿ ಅದನ್ನು ಓದಿದಳು. ಅವನ ಕೈಯಿಂದ ಪೆನ್ನು ತೆಗೆದುಕೊಂಡು ಆ ಸಾಲಿನ ಮೇಲೆ ಗೆರೆ ಎಳೆದು, ಕೆಳಗೆ ಬಿಡಿಸಿ ಬರೆದು ಸಹಿ ಹಾಕಿದಳು: 'ನಾನು ನಿಲ್ಲಿಸಿದೆ.'